ಬೀದರ್ ತೋಟಕ್ಕಿಂತ ಮೊದಲು ನೀರು ನೋಡ್ರಿ

ಬೀದರ್ ಕೋಟೆಗೆ ಹೋದವರು ಲಾಲ್ ಬಾಗ್‌ನಾಗ, ಸೋಲಾ ಕಂಬ ಮಸೀದಿ (1423–24) ಹಿಂದೆ ಬರೋ ಹಾಂಗ ಫೋಟೊ ತೆಗೆಸಿಕೊಂಡು ತಿರುಗಿ ಬರ್ತಾರ. ತೋಟದ ನಡುವಿನ ಕಾಲುವೆ, ಕೊಳದ ಕಡೆ ಕಣ್ಣು ಹೋಗೋದು ಕಡಿಮೆ. ಇಂಥ ಎತ್ತರದ ಕೆಂಪು ಜಂಬಿಟ್ಟಿಗೆ ನೆಲದ ಮೇಲೆ ತೋಟ ಮಾಡೋದಂದ್ರ ಮೊದಲು ನೀರಿನ ಲೆಕ್ಕ.

ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಮಳೆನೀರು ಕುಡೀತದ. ಕೆಳಗಿನ ಜೇಡಿ, ಕಪ್ಪುಕಲ್ಲು ಅದನ್ನ ಕೆಳಗೆ ಬಿಡಲ್ಲ. ನಡುವೆ ನಿಂತ ನೀರನ್ನ ಬಹಮನಿ ಕಾಲದಾಗ ಸುರಂಗ ಕೊರೆದು ಹೊರಗೆ ತಂದರು. ಇಂಥ ನೀರಿನ ಸುರಂಗಕ್ಕ ಕರೇಜ್ ಅಂತಾರ. ಬೀದರ್ ಹತ್ತಿರದ ನೌಬಾದ್ ಕರೇಜ್ ಅಂಥದ್ದು, 2 ಕಿ.ಮೀ.ಗೂ ಹೆಚ್ಚು ಉದ್ದ. ದಾರಿಯುದ್ದಕ್ಕೂ ಬಾವಿಗಳು: ಅಗೆದ ಮಣ್ಣು ಎತ್ತಲಿಕ್ಕ, ಒಳಗೆ ಗಾಳಿಗೆ, ಮುಂದೆ ಹೂಳು ತೆಗೀಲಿಕ್ಕ. ಇಳಿಜಾರು ಹೆಚ್ಚಾದ್ರ ನೀರು ತಳ ಕೊರೀತದ, ಕಡಿಮೆಯಾದ್ರ ಹೂಳು ಕೂಡ್ತದ. ಗೋಡೆ ಗುಮ್ಮಟಕ್ಕಿಂತ ಈ ಹದಾನೇ ದೊಡ್ಡ ಕಾಮಗಾರಿ ಅನ್ನಸ್ತದ. ಮೋಟಾರಿಲ್ಲ, ಕರೆಂಟ್ ಬಿಲ್ಲೂ ಇಲ್ಲ!

ಕರೇಜ್ ಕೆಡೋದು ಬಾವಿ ಬಾಯಿ ಮುಚ್ಚಿದಾಗ, ಕಸ ಸುರಿದಾಗ. ಅದನ್ನಾದ್ರೂ ತೆಗೀಬಹುದು. ಸುತ್ತಲಿನ ಬೋರ್‌ವೆಲ್‌ಗಳಿಂದ ನೀರಿನ ಮಟ್ಟ ಸುರಂಗದ ತಳಕ್ಕಿಂತ ಕೆಳಗೆ ಹೋಯ್ತಂದ್ರ, ಎಷ್ಟು ಹೂಳು ಎತ್ತಿದ್ರೂ ಮಳೆಗಾಲ ಬಿಟ್ಟು ಹನಿ ಬರಲ್ಲ.