ಡಬರಿಯೊಳಗೆ ಮನ್ಸೂರರು

ತಿಂಗಳಿಗೊಂದು ಭಾನುವಾರ ಬಸವನಗುಡಿಯ ರಾಯರ ಮನೆಯಲ್ಲಿ ನಾವು ಐದು ಜನ ಸೇರುತ್ತೇವೆ. ಆ ತಿಂಗಳು ಯಾರು ಯಾವ ಸಂಗೀತದ ಹುಚ್ಚು ಹತ್ತಿಸಿಕೊಂಡಿದ್ದಾರೋ ಅದನ್ನು ಉಳಿದವರಿಗೆ ಕೇಳಿಸಬೇಕು. ಒಬ್ಬರಿಗೆ ಒಂದೇ. ಇಷ್ಟೇ ನಿಯಮ. ಇನ್ನೊಂದು ನಿಯಮ ಯಾರೂ ಮಾಡಿದ್ದಲ್ಲ, ತಾನೇ ಆಗಿದ್ದು: ಆಲಾಪ ನಡೆಯುವಾಗ ಕೋಡುಬಳೆ ಕಡಿಯುವ ಹಾಗಿಲ್ಲ. ತಟ್ಟೆ ಎದುರಿಗೇ ಇರುತ್ತದೆ, ಕೈಯಲ್ಲೂ ಒಂದು ಇರುತ್ತದೆ, ತಬಲಾ ಶುರುವಾಗುವವರೆಗೆ ಅದನ್ನು ಸುಮ್ನೆ ಹಿಡಿದುಕೊಂಡು ಕೂತಿರಬೇಕು.

ಹೋದ ಸಲ ಮೊದಲು ರಾಯರದ್ದು. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಕಲ್ಯಾಣಿ ರಾಗ. ರಾಯರು ಅದನ್ನು ಎಷ್ಟು ಸಲ ಹಾಕಿದರೂ ನಮಗೆ ಬೇಜಾರಿಲ್ಲ. ಮೀಟು ಕಿವಿಗೆ ತಾಗುವುದೇ ಇಲ್ಲ, ನಾದ ಮಾತ್ರ ತಾಗುತ್ತದೆ. ನಾನು ಬೆಳೆದಿದ್ದೆಲ್ಲ ಹಿಂದೂಸ್ತಾನಿ ಕೇಳಿಕೊಂಡು, ಹಾಗಾಗಿ ಕಲ್ಯಾಣಿ ಅಂದರೆ ನನ್ನ ಕಿವಿ ಯಮನ್ ಹುಡುಕುತ್ತದೆ. ಸ್ವರಗಳೇನೋ ಅವೇ. ಆದರೆ ನಾನು ನಿಷಾದದ ಮೇಲೆ ನಿಲ್ಲುತ್ತಾರೆ ಅಂತ ಕಾದು ಕೂತರೆ ಅವರು ಅಲ್ಲಿ ನಿಲ್ಲದೆ ಒಂದು ಗಮಕದಲ್ಲಿ ತೂಗಿ ಮುಂದೆ ಹೋಗಿಬಿಡುತ್ತಾರೆ, ಬಸ್ಸು ನಮ್ಮ ಸ್ಟಾಪಿನಲ್ಲಿ ನಿಲ್ಲದೆ ಹೋದ ಹಾಗೆ.

ಆಮೇಲೆ ನಮ್ಮಲ್ಲೇ ಚಿಕ್ಕವನಾದ ಸಾಫ್ಟ್‌ವೇರ್ ಹುಡುಗನ ಸರದಿ. ಅವನು ಹೆಸರು ಹೇಳದೇ ಹಾಕಿದ. ಹಳೇ 78 ಆರ್‌ಪಿಎಂ ಪ್ಲೇಟು, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು, ಅದರ ನಡುವೆ ಎಳೇ ಹೆಣ್ಣು ದನಿ, ತೆಳ್ಳಗೆ, ಮೇಲಿನ ಷಡ್ಜಕ್ಕೆ ಹಕ್ಕಿ ಹಾರಿದಷ್ಟು ಸಲೀಸು. ಮೂರು ನಿಮಿಷಕ್ಕೆ ಮುಗಿಯಿತು. ಯಾರು ಹೇಳಿ ಅಂದ. ನಾನು ಎರಡು ಹೆಸರು ಹೇಳಿದೆ, ಎರಡೂ ತಪ್ಪು. ಗಂಗೂಬಾಯಿ ಹಾನಗಲ್! ಆ ಗಂಡುದನಿಯ ಗಂಗೂಬಾಯಿ. ಗಂಟಲ ತೊಂದರೆ, ಆಪರೇಷನ್ನು ಆದಮೇಲೆ ಅವರ ದನಿ ಇಳಿದದ್ದು ಗೊತ್ತಿತ್ತು. ಆದರೆ ಗೊತ್ತಿರುವುದೇ ಬೇರೆ, ಕಿವಿಯಲ್ಲಿ ಕೇಳುವುದೇ ಬೇರೆ ಅಲ್ವಾ?

ನಮ್ಮ ಜೊತೆ ಒಬ್ಬರು ಧಾರವಾಡದವರಿದ್ದಾರೆ. ಅಲ್ಲಿ ಶಾಲೆಯಲ್ಲಿ ಕಲಿಸುತ್ತಿದ್ದವರು, ರಿಟೈರ್ ಆಗಿ ಮಗಳ ಮನೆಗೆ ಬಂದಿದ್ದಾರೆ. ನಾವೆಲ್ಲ ಅಕ್ಕೋರು ಅಂತಲೇ ಕರೆಯುವುದು. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು, "ಈ ದನೀ ಇಟ್ಕೊಂಡ ಹುಬ್ಬಳ್ಳಿಯಿಂದ ಕುಂದಗೋಳಕ್ಕ ಟ್ರೇನಿನಾಗ ಹೋಗ್ತಿದ್ರಂತ, ಸವಾಯಿ ಗಂಧರ್ವರ ಕಡೆ ಕಲೀಲಿಕ್ಕೆ. ಇನ್ನೊಮ್ಮೆ ಹಚ್ಚಪಾ." ಹುಡುಗ ಇನ್ನೊಮ್ಮೆ ಹಚ್ಚಿದ.

ಮುಂದೆ ನಾನು. ಎರಡು ವಾರದಿಂದ ಮೆಟ್ರೋದಲ್ಲಿ ಹೋಗ್ತಾ ಬರ್ತಾ ನಾನು ಕೇಳುತ್ತಿದ್ದದ್ದು ಒಂದೇ, ಕಿಶೋರಿ ಅಮೋಣಕರ್ ಹಾಡಿದ ಸಂಪೂರ್ಣ ಮಾಲಕೌಂಸ್. ಇಪ್ಪತ್ತು ಸಲವಾದರೂ ಆಗಿರಬೇಕು. ಹಾಕುವ ಮೊದಲು ಒಂದು ಸಣ್ಣ ಭಾಷಣ ಬೇರೆ ತಯಾರು ಮಾಡಿಕೊಂಡಿದ್ದೆ.

"ನಾಕ ಗಂಟೇಕ್ಕ ಮಾಲಕೌಂಸ ಹಚ್ತೀರೇನ್ರಿ?" ಅಂತ ಅಕ್ಕೋರು ಶುರು ಮಾಡಿದರು. ರಾತ್ರಿಯ ರಾಗ ಅದು, ಅವರು ಹೇಳಿದ್ದು ಸರಿಯೇ. ರಾಯರು ಕಿಟಕಿಯ ಕಡೆ ನೋಡಿ, ಮೋಡ ಆಗಿದೆ ಬಿಡಿ, ನಡೆಯುತ್ತೆ ಅಂದರು.

ನಾನು ಹಾಕಿದೆ, ಹಾಕಿದವನು ಸುಮ್ಮನಿರಬೇಕಿತ್ತು. ಕಿಶೋರಿ ಅವರಿಗೆ ತಾಯಿ ಮೊಗೂಬಾಯಿಯೇ ಗುರು, ಮೊಗೂಬಾಯಿಗೆ ಅಲ್ಲಾದಿಯಾ ಖಾನ್ ಗುರು, ಆ ಖಾನ್ ಸಾಹೇಬರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್ ಹತ್ತಿರವೇ ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು, ಹಾಗಾಗಿ ಎಲ್ಲ ಒಂದೇ ಗುರುಪರಂಪರೆ, ಒಂದೇ ಜೈಪುರ ಘರಾಣೆ ಅಂತ ಆಲಾಪದ ಮೇಲೆ ಮಾತಾಡುತ್ತಲೇ ಇದ್ದೆ. ಅಕ್ಕೋರು ಒಂದು ಕಣ್ಣು ತೆಗೆದರು. "ಮಾತಾಡ್ಲಿಕ್ಕೆ ಬಂದೀರೋ, ಕೇಳ್ಲಿಕ್ಕೆ ಬಂದೀರೋ?" ನನ್ನ ಬಾಯಿ ಅಲ್ಲಿಗೆ ಬಂದ್.

ಅಷ್ಟರಲ್ಲಿ ನನ್ನ ಮೈಸೂರಿನ ಗೆಳೆಯ ತಾಳ ಹಾಕಲು ಶುರು ಮಾಡಿದ್ದ. ಅವನು ಪಕ್ಕಾ ಕರ್ನಾಟಕಿ. ಹದಿನಾರು ಮಾತ್ರೆಯ ತೀನ್ ತಾಲನ್ನು ಎರಡು ಆದಿತಾಳ ಮಾಡಿಕೊಂಡು, ತೊಡೆಯ ಮೇಲೆ ತಟ್ಟಿ, ಕಿರುಬೆರಳಿನಿಂದ ಎಣಿಸಿ, ಮತ್ತೆ ತಟ್ಟಿ, ಕೈ ಮಗುಚುತ್ತಿದ್ದ. ಆದರೆ ಅಷ್ಟು ನಿಧಾನದ ಲಯದಲ್ಲಿ ಅವನ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಒಂದು ಕಡೆ, ತಬಲಾದ ಸಮ ಇನ್ನೊಂದು ಕಡೆ. ಎರಡು ಆವರ್ತ ತಪ್ಪಿತು, ಮೂರನೆಯದಕ್ಕೆ ಮುಖ ಕೆಂಪಾಯಿತು. ಆಮೇಲೆ ಕೈ ಕಟ್ಟಿಕೊಂಡು ಕೂತ. ಇದ್ದಕ್ಕಿದ್ದ ಹಾಗೆ, "ಏಯ್, ಪಂಚಮ!" ಅಂತ ಕೂಗಿದ.

ಎಲ್ಲರೂ ತಿರುಗಿ ನೋಡಿದೆವು.

"ಹಿಂದೋಳ ತಾನೇ ಇದು? ಹಿಂದೋಳಕ್ಕೆ ಪಂಚಮ ಎಲ್ಲಿಂದ ಬಂತು ಮಾರಾಯ? ನೋಡು, ಈಗ ರಿಷಭ ಬೇರೆ!"

ಅವನು ಹೇಳಿದ್ದು ನ್ಯಾಯವೇ. ಅವನ ಕರ್ನಾಟಕಿ ಹಿಂದೋಳ, ನಮ್ಮ ಹಿಂದೂಸ್ತಾನಿ ಮಾಲಕೌಂಸ್ ಎರಡೂ ಐದೇ ಸ್ವರದವು. ರಿಷಭ, ಪಂಚಮ ಎರಡಕ್ಕೂ ಬಾಗಿಲು ಹಾಕಿದೆ. ಚಿಕ್ಕಂದಿನಿಂದ ಹಿಂದೋಳದ 'ಸಾಮಜವರಗಮನ' ಕೀರ್ತನೆ ಕೇಳಿದ ಕಿವಿಗೆ ಅಲ್ಲಿ ಪಂಚಮ ಬಂದರೆ ಪಾಯಸದಲ್ಲಿ ಒಗ್ಗರಣೆ ಸಿಕ್ಕಿದ ಹಾಗಾಗುತ್ತದೆ. ಆ ಎರಡು ಸ್ವರವನ್ನೂ ಒಳಗೆ ಕರೆದುಕೊಂಡಿದ್ದಕ್ಕೇ ಇದು 'ಸಂಪೂರ್ಣ' ಮಾಲಕೌಂಸ್. ಇದೆಲ್ಲ ನನಗೆ ಗೊತ್ತು, ನನ್ನ ಭಾಷಣದಲ್ಲೂ ಇತ್ತು. ಆದರೆ ನಿಜ ಹೇಳುತ್ತೇನೆ, ಇಪ್ಪತ್ತು ಸಲ ಕೇಳಿದರೂ ಆ ಪಂಚಮಕ್ಕೆ ನಾನು ಒಮ್ಮೆಯೂ ಬೆಚ್ಚಿರಲಿಲ್ಲ. ಹೆಸರಿನಲ್ಲೇ ಇದೆಯಲ್ಲ ಅಂತ ಮೊದಲೇ ಒಪ್ಪಿಕೊಂಡು ಕೇಳಿದ್ದೆ. ಇವನು ಏನೂ ಗೊತ್ತಿಲ್ಲದೆ ಕೇಳಿ ಮೊದಲ ಸಲಕ್ಕೇ ಬೆಚ್ಚಿಬಿದ್ದ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. "ಹಿಂದಕ್ಕೆ ಹಾಕು, ಇನ್ನೊಂದು ಸಲ ಕೇಳೋಣ" ಅಂತ ಅವನೇ ಕೇಳಿದ. ಹಿಂದಕ್ಕೆ ಎಳೆದೆ. ಈ ಸಲ ನಾವಿಬ್ಬರೂ ಬಾಗಿ, ಕಳ್ಳ ಯಾವ ಸಂದಿಯಿಂದ ಬರುತ್ತಾನೆ ಅಂತ ಕಾಯುವವರ ಹಾಗೆ ಕೂತೆವು. ಅದು ನೆಟ್ಟಗೆ ಬರುವುದಿಲ್ಲ. ಮಧ್ಯಮದ ಹತ್ತಿರ ಸುಳಿದಾಡಿ, ಸುತ್ತುಬಳಸಿ ಬಂದು, ಹಿಡಿಯೋಣ ಅನ್ನುವಷ್ಟರಲ್ಲಿ ಕೆಳಗಿಳಿದು ಹೋಗುತ್ತದೆ.

ಕಳ್ಳನನ್ನು ಮೂರನೇ ಸಲ ಕಾಯುತ್ತಿದ್ದಾಗ ಕರೆಂಟು ಹೋಯಿತು. ಜೊತೆಗೇ ಮಳೆ. ರಾಯರ ಆಂಪ್ಲಿಫೈಯರ್ ಸತ್ತಿತು, ಯುಪಿಎಸ್ ಬ್ಯಾಟರಿ ಕೆಟ್ಟು ತಿಂಗಳಾಗಿತ್ತಂತೆ. ಇನ್ನು ಅಕ್ಕೋರ ಸರದಿ ಬಾಕಿ, ಗೆಳೆಯನದ್ದೂ ಬಾಕಿ. ಗೆಳೆಯ ತನ್ನ ಚೌಡಯ್ಯನವರ ಪಿಟೀಲನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡ. ಏಳು ತಂತಿ ಹಾಕಿಸಿ ಅವರು ದೊಡ್ಡದು ಮಾಡಿದ ನಾದವನ್ನು ಫೋನಿನಲ್ಲಿ ಕೇಳಿಸಿದರೆ ಪಾಪ ತಟ್ಟುತ್ತದೆ ಅಂದ. ಅಕ್ಕೋರು ಮಾತ್ರ ಎದ್ದು ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಡಬರಿ ತಂದರು. ಫೋನನ್ನು ಅದರೊಳಗೆ ನಿಲ್ಲಿಸಿದರು. ಬ್ಯಾಟರಿ 9 ಪರ್ಸೆಂಟ್ ತೋರಿಸುತ್ತಿತ್ತು.

ಮನ್ಸೂರರು. ಅಕ್ಕಮಹಾದೇವಿ ಕನಸು ಕಂಡು ಅಕ್ಕನಿಗೆ ಹೇಳುವ ಆ ವಚನ. ಡಬರಿಯಲ್ಲಿ ದನಿ ಸ್ವಲ್ಪ ಕಂಚಿನ ಹಾಗೆ ಕೇಳುತ್ತಿತ್ತು, ಹೊರಗೆ ಮಳೆಯ ಸದ್ದು ಬೇರೆ, ಹಾಗಾಗಿ ಐದು ತಲೆಗಳೂ ಡಬರಿಯ ಸುತ್ತ ಬಂದವು. ಕೋಡುಬಳೆ ಯಾರ ನೆನಪಿನಲ್ಲೂ ಇರಲಿಲ್ಲ. "ಕರೀ ಟೊಪಿಗಿ ಹಾಕ್ಕೊಂಡ ನಮ್ಮ ಓಣಿ ಮುಂದ ನಡ್ಕೋತ ಹೋಗ್ತಿದ್ರು," ಅಂತ ಅಕ್ಕೋರು ಮೆಲ್ಲಗೆ ಹೇಳಿದರು. ಈ ಸಲ ಮಾತಾಡಿದ್ದು ಅವರು, ನಾನು ಏನೂ ಅನ್ನಲಿಲ್ಲ.

ವಚನ ಅರ್ಧಕ್ಕೆ ಬಂದಾಗ ಕರೆಂಟು ಬಂತು. ಟ್ಯೂಬ್‌ಲೈಟು ಮಿಣಮಿಣ ಅಂದಿತು, ಫ್ಯಾನು ಗಡಗಡ ಅಂತ ತಿರುಗಲು ಶುರುವಾಯಿತು. ಆಂಪ್ಲಿಫೈಯರಿನ ಕೆಂಪು ದೀಪವೂ ಹತ್ತಿಕೊಂಡಿತು. ರಾಯರು ಮಂಡಿ ಹಿಡಿದುಕೊಂಡು ಎದ್ದು, ಗೋಡೆಯ ಹತ್ತಿರ ಹೋಗಿ ಒಂದೊಂದೇ ಸ್ವಿಚ್ ಆರಿಸಿ, ಬಂದು ಮತ್ತೆ ಡಬರಿಯ ಪಕ್ಕದಲ್ಲಿ ಕೂತರು.