ಹಳೇ ಎಲೆಕ್ಟ್ರಿಕ್ ಕಾರು ತಗೋಬಹುದಾ? ಮೊದಲು ಪಾರ್ಕಿಂಗ್ ಎಲ್ಲಿ ಅಂತ ಹೇಳಿ

"ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಗೋಬಹುದಾ? ತಗೊಂಡ್ರೆ ಯಾವುದು?" ನಾನು ಎಲೆಕ್ಟ್ರಿಕ್ ಕಾರು ಓಡಿಸುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ. ರಾತ್ರಿ ಕಾರು ನಿಲ್ಲಿಸುವ ಜಾಗದಲ್ಲಿ 15 ಆಂಪ್ ಪಾಯಿಂಟ್ ಹಾಕಿಸಲು ಆಗುತ್ತಾ? ಇಲ್ಲ, ರೋಡಲ್ಲೇ ನಿಲ್ಲಿಸ್ತೀನಿ ಅನ್ನುವವರಿಗೆ ಸದ್ಯಕ್ಕೆ ಬೇಡ ಅಂತಲೇ ಹೇಳುತ್ತೇನೆ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್ ದರ ಮನೆಯ ದರದ ಮೂರು ಪಟ್ಟಿನವರೆಗೂ ಹೋಗುತ್ತದೆ, ಅದರ ಮೇಲೆ ಕ್ಯೂ ಬೇರೆ.

ಮನೆಯಲ್ಲೇ ಚಾರ್ಜ್ ಮಾಡುವವರಿಗೆ ಲೆಕ್ಕ ಸುಲಭ. ತಿಂಗಳಿಗೆ 1000 ಕಿಲೋಮೀಟರ್ ಓಡಿಸಿದರೆ ಟಾಟಾ ನೆಕ್ಸಾನ್ ಇವಿ ಥರದ ಎಲೆಕ್ಟ್ರಿಕ್ ಕಾರಿಗೆ 160–170 ಯೂನಿಟ್ ಹಿಡಿಯುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಸಾವಿರದ ಆಸುಪಾಸು. ಪೆಟ್ರೋಲ್ ಕಾರಲ್ಲಿ ಇಷ್ಟೇ ಓಡಾಟಕ್ಕೆ ಆರು ಸಾವಿರ ದಾಟುತ್ತದೆ. ಒಂದು ವಿಷಯ ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ: ಮನೆಯ ಮೀಟರ್‌ನಲ್ಲೇ ಚಾರ್ಜ್ ಮಾಡಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಗೃಹಜ್ಯೋತಿ ಸಿಗಲ್ಲ, ಪೂರ್ತಿ ಬಿಲ್ ನಮ್ಮ ತಲೆ ಮೇಲೆ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನು ಯಾವ ಕಾರು ಅನ್ನುವುದು. ಹಳೇ ಎಲೆಕ್ಟ್ರಿಕ್ ಕಾರಲ್ಲಿ ನಾವು ದುಡ್ಡು ಕೊಡುವುದೇ ಉಳಿದಿರುವ ಬ್ಯಾಟರಿ ವಾರಂಟಿಗೆ ಅನ್ನುವುದು ನನ್ನ ಅಭಿಪ್ರಾಯ. ಸೀಟು ಹರಿದಿದ್ದರೆ ಹೊಲಿಸಬಹುದು, ಬ್ಯಾಟರಿ ಪ್ಯಾಕ್ ಹೋದರೆ ಲಕ್ಷಗಳ ಮಾತು. 2020ರ ಜನವರಿಯಲ್ಲಿ ಬಂದ ಮೊದಲ ನೆಕ್ಸಾನ್ ಇವಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ. ಅಂದರೆ ಆ ವರ್ಷದ ಕಾರಿಗೆ 2028ಕ್ಕೆ ಮುಗೀತು, 2022ರದ್ದಾದರೆ 2030ರವರೆಗೆ ನೆಮ್ಮದಿ. ಬೆಲೆಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಎರಡನೆಯದೇ ವಾಸಿ. ಈ ಮೊದಲ ನೆಕ್ಸಾನ್ ಇವಿಯದ್ದು 30.2 ಕಿಲೋವ್ಯಾಟ್ ಅವರ್ ಬ್ಯಾಟರಿ, ಅಂದರೆ 30.2 ಯೂನಿಟ್ ಕರೆಂಟ್ ಹಿಡಿಯುತ್ತದೆ. ಕಾಗದದ ಮೇಲೆ 312 ಕಿಲೋಮೀಟರ್, ಎಸಿ ಹಾಕಿಕೊಂಡು ಊರೊಳಗೆ ಓಡಿಸಿದರೆ 200ರ ಆಸುಪಾಸು. ಬೆಂಗಳೂರಿಂದ ತುಮಕೂರಿಗೆ ಹೋಗಿ ಬರಲು ಸಾಕು.

ಬಜೆಟ್ ಇನ್ನೂ ಕಮ್ಮಿ ಇದ್ದರೆ ಟಾಟಾದ್ದೇ ಟಿಯಾಗೊ ಇವಿ. ಅದರಲ್ಲಿ 19.2 ಮತ್ತು 24 ಅಂತ ಎರಡು ಬ್ಯಾಟರಿ ಇವೆ, ಸುಮ್ನೆ ಯೋಚನೆ ಮಾಡದೆ 24ರದ್ದು ಹುಡುಕಿ. ಎಂಜಿ ಕಾಮೆಟ್ ಟ್ರಾಫಿಕ್‌ನಲ್ಲಿ ಮುದ್ದಾದ ಗಾಡಿ, ಆದರೆ ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲ, ಅಂದರೆ ಹೊರಗಿನ ಫಾಸ್ಟ್ ಚಾರ್ಜರ್‌ಗೆ ಹಾಕಲು ಆಗಲ್ಲ. ಮನೆಯಲ್ಲಿ ಇನ್ನೊಂದು ಕಾರು ಇರುವವರಿಗೆ ಸರಿ. ಟಾಟಾ ಟಿಗೋರ್ ಥರ ಕಾಣುವ ಎಕ್ಸ್‌ಪ್ರೆಸ್-ಟಿ ತುಂಬಾ ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ. ಅದು ಟ್ಯಾಕ್ಸಿಗೆಂದೇ ಮಾಡಿದ ಕಾರು, ಬ್ಯಾಟರಿ ಚಿಕ್ಕದು (ಮೊದಲು ಬಂದವುಗಳಲ್ಲಿ 16.5 ಅಥವಾ 21.5), ದಿನವಿಡೀ ದುಡಿದು ಫಾಸ್ಟ್ ಚಾರ್ಜರ್‌ನಲ್ಲೇ ಬೆಳೆದಿರುತ್ತದೆ.

ನೋಡಲು ಹೋಗುವ ಹಿಂದಿನ ರಾತ್ರಿ ಫುಲ್ ಚಾರ್ಜ್ ಮಾಡಿಡಲು ಓನರ್‌ಗೆ ಹೇಳಿ. ಡ್ಯಾಶ್‌ಬೋರ್ಡಿನಲ್ಲಿ ಇನ್ನಿಷ್ಟು ಕಿಲೋಮೀಟರ್ ಓಡುತ್ತದೆ ಅಂತ ತೋರಿಸುವ ಸಂಖ್ಯೆಯನ್ನು ನಂಬಬೇಡಿ, ಅದು ಹಿಂದೆ ಓಡಿಸಿದ ರೀತಿ ನೋಡಿ ಮಾಡುವ ಅಂದಾಜು ಅಷ್ಟೇ. ಶೇಕಡಾವಾರು ನೋಡಿ. ಎಸಿ ಹಾಕಿ 40 ಕಿಲೋಮೀಟರ್ ಓಡಿಸಿ. ನೂರರಿಂದ ಎಂಬತ್ತಕ್ಕೆ ಇಳಿದರೆ ಪೂರ್ತಿ ಬ್ಯಾಟರಿಗೆ 200 ಬಂತು ಅಂತ ಲೆಕ್ಕ. ನೆಕ್ಸಾನ್‌ನಲ್ಲಿ ಎಪ್ಪತ್ತಕ್ಕೆ ಇಳಿದರೆ 133, ಆಗ ಸರ್ವಿಸ್ ಸೆಂಟರಿನಿಂದ ಬ್ಯಾಟರಿ ಹೆಲ್ತ್ ರಿಪೋರ್ಟ್ ತರಿಸದೆ ಮಾತು ಮುಂದುವರಿಸಬೇಡಿ. ಅರ್ಧ ದಿನ ಹೋಗುತ್ತೆ ನಿಜ, ಆದರೆ ಲಕ್ಷಗಟ್ಟಲೆ ಕೊಡುವಾಗ ಅಷ್ಟು ಮಾಡಬೇಕಲ್ವಾ?

ಆಮೇಲೆ ಕಾರನ್ನು ರ‍್ಯಾಂಪಿನ ಮೇಲೆ ಹತ್ತಿಸಿ, ಮೊಬೈಲ್ ಟಾರ್ಚ್ ಹಿಡಿದು ಅಡಿಗೆ ಹೋಗಿ. ಬ್ಯಾಟರಿ ಇರುವುದೇ ಅಲ್ಲಿ. ನಮ್ಮೂರ ಹಂಪುಗಳ ಗೀರು ಇದ್ದೇ ಇರುತ್ತದೆ, ಪರವಾಗಿಲ್ಲ. ತಗ್ಗು ಬಿದ್ದಿದ್ದರೆ, ಬೋಲ್ಟುಗಳ ಸುತ್ತ ಕೆಸರು ಗಟ್ಟಿಯಾಗಿ ಕೂತು ತುಕ್ಕು ಹಿಡಿದಿದ್ದರೆ, ಕಾರು ಮಳೆನೀರಲ್ಲಿ ನಿಂತಿತ್ತಾ ಅಂತ ನೇರವಾಗಿ ಕೇಳಿ.

ಕಾಗದಪತ್ರದಲ್ಲಿ ಸಾಲ ಬಾಕಿ, ಎಷ್ಟನೇ ಓನರ್ ಅನ್ನುವುದು ಎಲ್ಲ ಕಾರಿಗೂ ಇದ್ದದ್ದೇ. ಇಲ್ಲಿ ಜಾಸ್ತಿ ಕೇಳಬೇಕಾದ್ದು ಎರಡು. ಬ್ಯಾಟರಿ ಕಾರಿನ ಜೊತೆಗೇ ಕೊಂಡದ್ದಾ, ಬಾಡಿಗೆಯದಾ? "ಲೈಫ್‌ಟೈಮ್ ವಾರಂಟಿ" ಅಂತ ಹೇಳಿದರೆ ಅದು ಎರಡನೇ ಓನರ್‌ಗೂ ಬರುತ್ತಾ? ಎಂಜಿಯ ವಿಂಡ್ಸರ್ ಕಾರಿನಲ್ಲಿ ಅದು ಮೊದಲ ಓನರ್‌ಗೆ ಮಾತ್ರ. ಇಷ್ಟೆಲ್ಲ ಸರಿ ಇದ್ದರೆ, ಅಡ್ವಾನ್ಸ್ ಕೊಡುವ ಮೊದಲು ಡಿಕ್ಕಿ ತೆಗೆದು ಚಾರ್ಜಿಂಗ್ ಕೇಬಲ್ ಇದೆಯಾ, ಕೆಲಸ ಮಾಡುತ್ತಾ ಅಂತ ಅಲ್ಲೇ ಪ್ಲಗ್ ಹಾಕಿ ನೋಡಿ. ಹೊಸದು ಅಗ್ಗಕ್ಕೆ ಸಿಗಲ್ಲ.