ಲಕ್ಷಕ್ಕೆ ಎಷ್ಟು: ನಗರಗಳ ಅಪರಾಧ ದರವನ್ನು ಹೋಲಿಸುವ ಬಗೆ

ದಾವಣಗೆರೆಯಿಂದ ಹೊರದೇಶಕ್ಕೆ ಓದಲು ಹೊರಟ ಮಕ್ಕಳ ತಂದೆತಾಯಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಜಗತ್ತಿನ ಅತಿ ಅಪಾಯಕಾರಿ ನಗರಗಳು’ ಎಂಬ ಪಟ್ಟಿಗಳು ಆಗಾಗ ಬರುತ್ತಿರುತ್ತವೆ. ಇವುಗಳಲ್ಲಿ ಕೆಲವಕ್ಕೆ ಪೊಲೀಸ್ ದಾಖಲೆಯ ಆಧಾರವೇ ಇಲ್ಲ. ಬಹಳ ಹೆಸರಾಗಿರುವ, ನಂಬಿಯೋ ಎಂಬ ಜಾಲತಾಣದ ಅಪರಾಧ ಸೂಚ್ಯಂಕವು ಅಲ್ಲಿಗೆ ಬಂದವರು ತಮ್ಮ ಊರಿನ ಬಗ್ಗೆ ತಿಳಿಸಿದ ಅನಿಸಿಕೆಗಳ ಲೆಕ್ಕವಷ್ಟೆ.

ದೇಶದೇಶಗಳ ನಡುವಿನ ಹೋಲಿಕೆಗೆ ಸ್ವಲ್ಪಮಟ್ಟಿಗಾದರೂ ನಿಲ್ಲುವುದು ಕೊಲೆಯ ದರ, ಅಂದರೆ ಒಂದು ಲಕ್ಷ ಜನಸಂಖ್ಯೆಗೆ ವರ್ಷದಲ್ಲಿ ನಡೆದ ಕೊಲೆಗಳ ಸಂಖ್ಯೆ. ಹಲ್ಲೆಯನ್ನು ಮುಚ್ಚಿಹಾಕಿದಷ್ಟು ಸುಲಭವಾಗಿ ಸಾವನ್ನು ಮುಚ್ಚಿಹಾಕಲಾಗದು. ವಿಶ್ವಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 4,58,000 ಮಂದಿ ಕೊಲೆಯಾದರು, ದರ 5.8. ಭಾರತದಲ್ಲಿ 2022ರಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522, ದರ 2.1. ಈ ಅಂಕಿಯಲ್ಲೂ ಆಸ್ಪತ್ರೆಯ ಪಾತ್ರವಿದೆ. ಚೂರಿ ಇರಿತಕ್ಕೊಳಗಾದವನು ಎರಡು ವೈದ್ಯಕೀಯ ಕಾಲೇಜುಗಳಿರುವ ನಮ್ಮಂಥ ಊರಿನಲ್ಲಿ ಬದುಕಿ ಉಳಿದರೆ ಅದು ಕೊಲೆಯತ್ನವೆಂದು ದಾಖಲಾಗುತ್ತದೆ. ಅದೇ ಗಾಯ ಆಸ್ಪತ್ರೆ ದೂರವಿರುವ ಕಡೆ ಕೊಲೆಯ ಲೆಕ್ಕಕ್ಕೆ ಸೇರುತ್ತದೆ.

ಅತ್ಯಾಚಾರ, ಸುಲಿಗೆ, ಹಲ್ಲೆಗಳ ವಿಷಯಕ್ಕೆ ಬಂದರೆ ಹೋಲಿಕೆಯೇ ಕುಸಿಯುತ್ತದೆ. ಸ್ವೀಡನ್ನಿನಲ್ಲಿ ಅತ್ಯಾಚಾರದ ಕಾನೂನು ವ್ಯಾಖ್ಯೆ ವಿಶಾಲವಾಗಿದೆ. ಒಬ್ಬನೇ ವ್ಯಕ್ತಿ ಒಬ್ಬಳೇ ಮಹಿಳೆಯ ಮೇಲೆ ಹಲವು ಬಾರಿ ಎಸಗಿದ ಕೃತ್ಯಗಳನ್ನು ಅಲ್ಲಿ ಬಿಡಿಬಿಡಿಯಾಗಿ ಎಣಿಸುತ್ತಾರೆ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ಗಂಭೀರವಾದ ಒಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಠಾಣೆಯ ಮೆಟ್ಟಿಲನ್ನೇ ಹತ್ತದೆ ‘ಹಿರಿಯರ ಸಮ್ಮುಖದಲ್ಲಿ’ ಮುಗಿದುಹೋಗುವ ಪ್ರಕರಣಗಳಂತೂ ಯಾವ ಪುಸ್ತಕಕ್ಕೂ ಬರುವುದಿಲ್ಲ. ಹೀಗಿರುವಾಗ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ಗಿಂತ ನಮ್ಮ ಊರುಗಳು ಹೆಣ್ಣುಮಕ್ಕಳಿಗೆ ಸುರಕ್ಷಿತವೆಂದು ಹೇಳಿಕೊಳ್ಳುವುದು, ದೂರು ಕೊಡಲಾಗದೆ ಉಳಿದವರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಗಡಿಯ ಪ್ರಶ್ನೆಯೂ ಚಿಕ್ಕದಲ್ಲ. ಅಮೆರಿಕದ ಸೇಂಟ್ ಲೂಯಿಸ್ 1870ರ ದಶಕದಲ್ಲಿಯೇ ತನ್ನ ಕೌಂಟಿಯಿಂದ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಬೇರ್ಪಟ್ಟದ್ದರಿಂದ, ಸುತ್ತಲಿನ ಶಾಂತ ಉಪನಗರಗಳ ಜನಸಂಖ್ಯೆ ಅದರ ಲೆಕ್ಕಕ್ಕೆ ಸೇರುವುದಿಲ್ಲ. ಸುಮಾರು 3 ಲಕ್ಷ ಜನರ ಆ ನಗರ ಪಟ್ಟಿಗಳ ಮೇಲ್ತುದಿಯಲ್ಲಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣ.

ವರ್ಷವನ್ನು ನೋಡದೆ ದರವನ್ನು ಓದಬಾರದು. ಕೊಲಂಬಿಯಾದ ಮೆಡೆಲಿನ್‌ನಲ್ಲಿ 1991ರಲ್ಲಿ ಲಕ್ಷಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚಿದ್ದ ಕೊಲೆಯ ದರ ಇತ್ತೀಚಿನ ವರ್ಷಗಳಲ್ಲಿ ಇಪ್ಪತ್ತಕ್ಕಿಂತ ಕೆಳಗಿದೆ. ನ್ಯೂಯಾರ್ಕ್‌ನಲ್ಲಿ 1990ರಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾಗಿದ್ದವು. 2017ರಲ್ಲಿ ಅವು ಮುನ್ನೂರಕ್ಕಿಂತ ಕಡಿಮೆ. ಚಿಕ್ಕ ನಗರಗಳಲ್ಲಿ ಒಂದು ವರ್ಷದ ದರವೂ ಸಾಲದು. 2011ರ ಜನಗಣತಿಯಂತೆ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಇಷ್ಟು ಜನರಿರುವ ಊರಿನಲ್ಲಿ ಒಂದು ವರ್ಷ ಒಂಬತ್ತು, ಮರುವರ್ಷ ಹದಿಮೂರು ಕೊಲೆಗಳಾದವೆಂದು ಊಹಿಸಿಕೊಂಡರೆ ದರ 2.1ರಿಂದ 3ಕ್ಕೆ ಏರುತ್ತದೆ. ಐದು ವರ್ಷಗಳ ಸರಾಸರಿ ತೆಗೆಯದೆ ಆ ಏರಿಕೆಗೆ ಅರ್ಥ ಹಚ್ಚಲಾಗದು.

ಮಗಳನ್ನೋ ಮಗನನ್ನೋ ದೂರದ ಊರಿಗೆ ಕಳುಹಿಸುವವರು ನಗರದ ದರಕ್ಕಿಂತ, ಮಕ್ಕಳು ವಾಸಿಸಲಿರುವ ಬಡಾವಣೆಯ ದಾಖಲೆಯನ್ನು ನೋಡುವುದು ಒಳ್ಳೆಯದು. ಅಪರಾಧಗಳು ಎಲ್ಲ ಊರುಗಳಲ್ಲಿಯೂ ಕೆಲವೇ ಬೀದಿಗಳಲ್ಲಿ ಗುಂಪುಗೂಡಿರುತ್ತವೆ. ಶಿಕಾಗೋ ನಗರಾಡಳಿತವು 2001ರಿಂದೀಚೆಗೆ ದಾಖಲಾದ ಅಪರಾಧಗಳ ಮಾಹಿತಿಯನ್ನು ಯಾವ ಬೀದಿಯ ಯಾವ ಭಾಗ ಎಂಬ ಮಟ್ಟದವರೆಗೆ ಸಾರ್ವಜನಿಕರಿಗೆ ತೆರೆದಿಟ್ಟಿದೆ. ದಾವಣಗೆರೆಯಲ್ಲಿ ಕುಳಿತು ಯಾರು ಬೇಕಾದರೂ ಅದನ್ನು ತೆಗೆದು ನೋಡಬಹುದು.